ತುಕ್ಕು ಹಿಡಿಯದ ಬೋಲ್ಟು

ಹೊನ್ನಾವರದ ಬಂದರು ರಸ್ತೆಯಲ್ಲಿ ಮಾಲತಿಯ ನಟ್ಟು-ಬೋಲ್ಟಿನ ಅಂಗಡಿ ಎಲ್ಲಿ ಎಂದು ಯಾರನ್ನು ಕೇಳಿದರೂ ತೋರಿಸುತ್ತಾರೆ. ತೋರಿಸುವವರು ಜೊತೆಗೊಂದು ಬುದ್ಧಿಮಾತನ್ನೂ ಸೇರಿಸುತ್ತಾರೆ: "ಅಳತೆ-ಗಿಳತೆ ಹೇಳೂಕೆ ಹೋಗ್ಬೇಡ ಮಾರಾಯಾ. ಹಳೇ ಬೋಲ್ಟು ಕೈಲಿ ಕೊಟ್ಟು ಸುಮ್ನೆ ನಿಂತ್ಕೋ."

ಮಾತು ಸುಳ್ಳಲ್ಲ. ಮಾಲತಿ ಹಳೆಯ ಬೋಲ್ಟನ್ನು ಹೆಬ್ಬೆರಳು, ತೋರುಬೆರಳ ನಡುವೆ ಒಮ್ಮೆ ಉರುಳಿಸುತ್ತಾಳೆ, ಬೆನ್ನ ಹಿಂದಿನ ನೂರಾರು ಡಬ್ಬಿಗಳಲ್ಲಿ ಒಂದಕ್ಕೆ ಕೈ ಹಾಕುತ್ತಾಳೆ, ಅಷ್ಟೇ. ಅಪ್ಪ ರಾಮನ ಕಣ್ಣು ಮಂಜಾದ ವರ್ಷ ಗಲ್ಲಾಪೆಟ್ಟಿಗೆಯ ಮುಂದೆ ಕೂತವಳು ಇಪ್ಪತ್ತೆರಡು ವರ್ಷ ಹೀಗೇ ನಡೆಸಿದ್ದಾಳೆ. ಕಣ್ಣು ಕಾಣದ ಅಪ್ಪ ಕಲಿಸಿದ್ದು ಬೆರಳಿನ ವಿದ್ಯೆಯನ್ನೇ. ಅಳೆಯುವ ಸ್ಕೇಲು ಗಲ್ಲಾಪೆಟ್ಟಿಗೆಯ ಖಾನೆಯಲ್ಲಿದೆ. ಅದನ್ನು ಅವಳು ಬೆನ್ನು ಕೆರೆದುಕೊಳ್ಳಲು ಬಳಸುತ್ತಾಳೆಂದು ಬೋಟಿನವರು ತಮಾಷೆ ಮಾಡುವುದುಂಟು. ತನ್ನ ಹೆಬ್ಬೆರಳಿನ ಬಗ್ಗೆ ಅವಳಿಗೆ ಜಂಬವಿತ್ತು. ಸ್ವಲ್ಪ ಅಲ್ಲ, ಸಾಕಷ್ಟೇ ಇತ್ತು.

ಇನ್ನೊಂದು ಸಂಗತಿ ಹೇಳದೆ ಮುಂದೆ ಹೋಗುವಂತಿಲ್ಲ. ಕಡಲ ಬದಿಯಲ್ಲಿ ಕಬ್ಬಿಣಕ್ಕೆ ಆಯುಸ್ಸು ಕಡಿಮೆ. ಕಿಟಕಿಯ ಸರಳು, ಗೇಟಿನ ತಿರುಗಣಿ, ಸೈಕಲ್ಲಿನ ಚೈನು, ಯಾವುದನ್ನೂ ಉಪ್ಪುಗಾಳಿ ಬಿಡುವುದಿಲ್ಲ. ಹಾಗಾಗಿ ಅಂಗಡಿಗೆ ಬಂದವರು ಕೇಳುವುದು ಒಂದೇ ಪ್ರಶ್ನೆ: ಇದು ತುಕ್ಕು ಹಿಡಿಯುತ್ತದೋ ಇಲ್ಲವೋ? ಎಷ್ಟು ಭಾರ ತಡೆಯುತ್ತದೆ ಎಂದು ಅವಳನ್ನು ಯಾರೂ ಕೇಳಿದ್ದಿಲ್ಲ. ತುಕ್ಕು ಹಿಡಿಯದ್ದು ಗಟ್ಟಿ, ತುಕ್ಕು ಹಿಡಿಯುವುದು ಪುಸುಕು ಎಂಬ ಲೆಕ್ಕ ಬಂದರಿನವರೆಲ್ಲರ ತಲೆಯಲ್ಲಿ ಕೂತುಬಿಟ್ಟಿದೆ. ಮಾಲತಿಯ ತಲೆಯಲ್ಲೂ ಅದೇ ಇತ್ತು.

ಮುರ್ಡೇಶ್ವರದ ಪಕ್ಕದ ಮಾವಳ್ಳಿಯ ನಾಗ ಬಂದದ್ದು ಹನ್ನೆರಡು ದಿನದ ಹಿಂದೆ. ಅವನದು ಬಿಳಿಯ ಸಣ್ಣ ವ್ಯಾನು. ಬೆಳಗಿನ ಜಾವ ಮುರ್ಡೇಶ್ವರದಿಂದ ಮೀನು ಸಾಗಿಸುತ್ತಾನೆ. ಮಂಗಳವಾರ, ಶುಕ್ರವಾರ ಮಾತ್ರ ಅದನ್ನು ತೊಳೆದು, ಅವ್ವ ಮಾಸ್ತಮ್ಮನನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಹೊನ್ನಾವರ ದಾಟಿ ಕುಮಟೆಗೆ ಹೋಗುತ್ತಾನೆ. ಮಾಸ್ತಮ್ಮ ನಲವತ್ತು ವರ್ಷ ಹೊನ್ನಾವರದ ಪೇಟೆಯಲ್ಲಿ ಮೀನು ಮಾರಿದವಳು. ಮಾರಿ ಉಳಿದ ಬಂಗುಡೆಯನ್ನು ಮಾಲತಿಯ ಅಂಗಡಿಕಟ್ಟೆಯ ಮೇಲಿಟ್ಟು, "ತಂಗಿ, ಸಾರು ಮಾಡು" ಎಂದು ಹೋಗುತ್ತಿದ್ದಳು. ಕಳೆದ ವರ್ಷ ಲಕ್ವ ಹೊಡೆದು ಅವಳ ಬಲಭಾಗ ಪೂರ್ತಿ ಬಿದ್ದುಹೋಯಿತು, ಮಾತೂ ಹೋಯಿತು. ಪೇಟೆಯನ್ನೇ ನಡುಗಿಸುತ್ತಿದ್ದ ಬಾಯಿಂದ ಈಗ ಹೊರಡುವುದು ಬರೀ ಗೊರಗೊರ. ಕುಮಟೆಯ ಆಸ್ಪತ್ರೆಯಲ್ಲಿ ಕೈಕಾಲಿಗೆ ವ್ಯಾಯಾಮ ಮಾಡಿಸುತ್ತಾರೆ.

"ಅವ್ವಂಗೆ ಕೂತಲ್ಲಿ ಕೂರೂಕೆ ಆಗೂದಿಲ್ಲ ಮಾಲತಕ್ಕ," ಎಂದಿದ್ದ ನಾಗ. "ಬೆಲ್ಟು ಹಾಕದಿದ್ರೆ ಮುಂದೆ ಮುಗ್ಗರಿಸ್ತದೆ. ಆ ಬೆಲ್ಟಿನ ಬುಡದ ಬೋಲ್ಟೇ ನೋಡಿ ಹಿಂಗಾಗದೆ."

ಬ್ರೇಕು ಹಾಕಿದಾಗಲೆಲ್ಲ ಮೀನಿನ ಬುಟ್ಟಿಯ ಮಂಜುನೀರು ಮುಂದಕ್ಕೆ ಹರಿದು ಸೀಟಿನ ಬುಡದಲ್ಲಿ ನಿಂತು ನಿಂತು, ಬೋಲ್ಟು ತುಕ್ಕಿನ ಉಂಡೆಯಾಗಿತ್ತು. ಮಾಲತಿ ಬೆರಳಲ್ಲಿ ಉರುಳಿಸಿದಳು. ತುಕ್ಕಿನ ಪದರದ ಮೇಲೆ ಹೆಬ್ಬೆರಳು ಜಾರಿತು. ಆದರೂ ಹಳೆಯ ಇಂಚಿನ ಅಳತೆಯದು ಎಂದು ಹೊಳೆಯಿತು. ಬೋಟಿನ ಹಳೇ ಇಂಜಿನ್ನುಗಳಿಗೆಂದು ಇಟ್ಟಿದ್ದ ಡಬ್ಬಿಯಿಂದ ಅದೇ ದಪ್ಪದ, ಬೆಳ್ಳಿಯಂತೆ ಹೊಳೆಯುವ ಒಂದು ಸ್ಟೀಲ್ ಬೋಲ್ಟು ತೆಗೆದು ಗಲ್ಲಾಪೆಟ್ಟಿಗೆಯ ಮೇಲೆ ಟಣ್ಣೆಂದು ಇಟ್ಟಳು.

"ತಗಾ. ನಿನ್ನ ಗಾಡಿ ಗುಜರಿಗೆ ಹೋದ್ರೂ ಇದು ತುಕ್ಕು ಹಿಡಿಯೂದಿಲ್ಲ."

ಸಂಜೆ ನಾಗ ಫೋನು ಮಾಡಿದ್ದ. ಬೋಲ್ಟು ಎರಡು ಸುತ್ತು ಹೋಗಿ ನಿಂತಿತಂತೆ, ಎಂತ ಮಾಡೂದು ಎಂದು. ಗಿರಾಕಿಯ ಗಲಾಟೆಯ ನಡುವೆ ಮಾಲತಿ ಯೋಚಿಸದೆ ಹೇಳಿದ್ದಳು: "ಹೊಸದು ಹಂಗೇ ಬಿಗಿ ಇರ್ತದೆ. ಎಣ್ಣೆ ಬಿಟ್ಟು, ಸ್ಪ್ಯಾನರಿಗೆ ಪೈಪು ಹಾಕಿ ತಿರುಗ್ಸು. ಕೂತ್ಕಂತದೆ." ಸ್ವಲ್ಪ ಹೊತ್ತಿಗೆ ಅವನು "ಕೂತ್ತು ಮಾಲತಕ್ಕ" ಎಂದ. "ಆತು" ಎಂದಳು. ಮರೆತಳು.

ಈ ಮಂಗಳವಾರ ಬೆಳಿಗ್ಗೆ ಒಂಬತ್ತಕ್ಕೆ ಇನ್ನೂ ಹತ್ತು ನಿಮಿಷ ಇದ್ದಾಗ ಅವಳು ಅಂಗಡಿ ತೆರೆದು ಕೂತಿದ್ದಳು, ಗಿರಾಕಿ ಇರಲಿಲ್ಲ. ಬಿಡುವಿದ್ದಾಗ ಗಿರಾಕಿಗಳು ಬಿಟ್ಟುಹೋದ ಹಳೇ ಬೋಲ್ಟುಗಳನ್ನು ಸೀಮೆಎಣ್ಣೆಯಲ್ಲಿ ನೆನೆಸಿ ತಂತಿ ಬ್ರಷ್ಷಿನಿಂದ ಉಜ್ಜುವುದು ಅವಳ ಚಟ. ಮಾದರಿಗೆ ಬೇಕಾಗುತ್ತದೆ ಎಂಬುದು ನೆಪ. ಅವತ್ತು ಕೈಗೆ ಸಿಕ್ಕಿದ್ದು ನಾಗ ಬಿಟ್ಟುಹೋದದ್ದು. ತಲೆಯ ಮೇಲಿನ ತುಕ್ಕು ಚಕ್ಕೆಚಕ್ಕೆಯಾಗಿ ಎದ್ದಿತು. ಕೆಳಗೆ ಅಂಕಿ ಕಂಡಿತು: 10.9.

ಆ ಅಂಕಿ ಅವಳಿಗೆ ಗೊತ್ತಿಲ್ಲದ್ದೇನಲ್ಲ. ಭಾರಿ ಬೋಲ್ಟುಗಳ ಮೇಲೆ ಕಂಡಿದ್ದಳು. ತಾನು ಕೊಟ್ಟ ಸ್ಟೀಲಿನದರ ತಲೆಯ ಮೇಲೆ ಏನಿತ್ತು? ಡಬ್ಬಿಗೆ ಕೈ ಹಾಕಿ ಒಂದನ್ನು ತೆಗೆದಳು. A2-70. ಇಷ್ಟು ವರ್ಷ ಮಾರಿದ್ದಾಳೆ, ಓದಿದ್ದು ಇವತ್ತೇ. ಎರಡನ್ನೂ ಅಕ್ಕಪಕ್ಕ ಹಿಡಿದು ಬೆಳಕಿಗೆ ಎತ್ತಿದಳು. ದಪ್ಪ ಒಂದೇ. ಆದರೆ ಹಳೆಯದರ ಥ್ರೆಡ್ಡು ನುಣುಪು, ಒತ್ತೊತ್ತಾಗಿದೆ. ತನ್ನದು ದೊರಗು, ಅಗಲ ಅಗಲ. ಹಳೆಯದಕ್ಕೆ ಕತ್ತಿನ ಬಳಿ ಮೆಟ್ಟಿಲಿನ ಹಾಗೆ ಒಂದು ದಪ್ಪ ಬಳೆಯಿದೆ, ಬೆಲ್ಟಿನ ಪಟ್ಟಿ ಅದರ ಮೇಲೆ ಸಲೀಸಾಗಿ ತಿರುಗಲೆಂದು. ತನ್ನದಕ್ಕೆ ಬಳೆಯೇ ಇಲ್ಲ.

ಅವಳ ಹೆಬ್ಬೆರಳು ಅಂದು ತುಕ್ಕನ್ನು ಮುಟ್ಟಿತ್ತು, ಬೋಲ್ಟನ್ನಲ್ಲ.

ಕುಮಟೆಯ ಒಂದು ವಾಹನ ಕಂಪನಿಯ ವರ್ಕ್‌ಶಾಪಿನಲ್ಲಿ ಮೆಕ್ಯಾನಿಕ್ಕಾಗಿರುವ ಪ್ರದೀಪ ಅವಳಿಗೆ ಪರಿಚಯ. ಫೋನು ಹಚ್ಚಿ, ಬೆಲ್ಟಿನ ಹಳೇ ಬೋಲ್ಟಿನ ಅಂಕಿ, ತನ್ನದರ ಅಂಕಿ ಎರಡನ್ನೂ ಓದಿ ಹೇಳಿದಳು. ಅವನು ಕೂಡಲೇ ಕೇಳಿದ.

"ಸೀಟ್ ಬೆಲ್ಟಿಗೆ ಆ ಸ್ಟೀಲಿನದನ್ನ ಯಾರಿಗಾದ್ರೂ ಕೊಟ್ಟೀರಾ?"

"ಎಂತಕ್ಕೆ? ತುಕ್ಕು ಹಿಡಿಯೂದಿಲ್ಲಲ್ಲ ಅದು?"

"ತುಕ್ಕು ಹಿಡಿಯೂದಿಲ್ಲ, ಆದ್ರೆ ಮೆತ್ತಗಿನ ಜಾತಿ ಮಾಲತಕ್ಕ. ತಲೆ ಮೇಲಿನ ಅಂಕಿ ಅದರ ಬಲ ಹೇಳೂದು. ಗಾಡಿ ಗುದ್ದಿದ್ರೆ ಕೂತವರ ಭಾರ ಹತ್ತಿಪ್ಪತ್ತು ಪಟ್ಟಾಗಿ ಆ ಒಂದು ಬೋಲ್ಟಿನ ಮೇಲೆ ಬೀಳ್ತದೆ. ಅದಕ್ಕೇ ಗಾಡಿ ಕಂಪನಿದೇ ಹೊಸದು ತರಿಸ್ಬೇಕು, ಆ ಗಾಡಿಯ ನಂಬರ್ ಕೊಟ್ಟು. ಡಬ್ಬಿಯಿಂದ ಹೆಕ್ಕಿ ಕೊಡೂದಲ್ಲ. ಥ್ರೆಡ್ಡು ಬೇರೆ ಆದ್ರೆ ಇನ್ನೂ ಕಷ್ಟ. ಒಳಗೆ ಹೋಗೂದೇ ಇಲ್ಲ."

"ಪೈಪು ಹಾಕಿ ತಿರುಗ್ಸಿದ್ರೆ?"

"ತಿರುಗ್ತದೆ. ಒಳಗಿನ ನಟ್ಟಿನ ಹಲ್ಲು ಕಿತ್ಕಂಡು ತಿರುಗ್ತದೆ. ಬಿಗಿ ಆಯ್ತು ಅಂತ ಕಾಣ್ತದೆ. ಹಿಡಿತ ಎಂತದೂ ಇರೂದಿಲ್ಲ."

ಮಾಲತಿಯ ಕೈಯಲ್ಲಿದ್ದ ಬೋಲ್ಟು ಸೀಮೆಎಣ್ಣೆಯ ಬಟ್ಟಲಿಗೆ ಬಿತ್ತು. ಇವತ್ತು ಮಂಗಳವಾರ.

ನಾಗನ ಫೋನು ರಿಂಗಾಗಿ ರಿಂಗಾಗಿ ನಿಂತಿತು. ಮತ್ತೆ ಹಚ್ಚಿದಳು. ಅವ್ವ ಗಾಡಿಯಲ್ಲಿದ್ದರೆ ಅವನು ಫೋನು ಎತ್ತುವುದಿಲ್ಲ, ಅಷ್ಟು ಜೋಪಾನದವನು. ಆ ಜೋಪಾನಕ್ಕೆ ಅವಳು ಮೊದಲ ಸಲ ಶಾಪ ಹಾಕಿದಳು. ಮನೆಗೆ ಹಚ್ಚಿದರೆ ಅವನ ಹೆಂಡತಿ ರೇಖಾ, "ಹೊರಟು ಅರ್ಧ ತಾಸಾತು ಅಕ್ಕಾ, ಎಂತ ಆತು?" ಎಂದಳು. ಉತ್ತರ ಹೇಳುವಷ್ಟು ಹೊತ್ತು ಇರಲಿಲ್ಲ. ಶರಾವತಿ ಸೇತುವೆಗೆ ಅವರು ಈಗ ಬಂದೇ ಬರುತ್ತಾರೆ.

ಅಂಗಡಿಯ ಬಾಗಿಲನ್ನೂ ಎಳೆಯದೆ ಸ್ಕೂಟಿ ಹತ್ತಿದಳು. ಹೆದ್ದಾರಿಗೆ ಬಂದು ನಿಂತರೆ ಒಂದರ ಹಿಂದೊಂದು ವಾಹನ, ಅದರಲ್ಲಿ ಅರ್ಧಕ್ಕರ್ಧ ಬಿಳಿಯವೇ. ಮೂರನೆಯ ಬಿಳಿ ವ್ಯಾನು ನಾಗನದಾಗಿತ್ತು. ಮುಂದಿನ ಸೀಟಿನಲ್ಲಿ ಮಾಸ್ತಮ್ಮ, ಎದೆಯ ಮೇಲೆ ಅಡ್ಡಲಾಗಿ ಕಪ್ಪು ಬೆಲ್ಟು. ಮಾಲತಿ ಎರಡೂ ಕೈ ಎತ್ತಿ ಬೀಸಿದಳು, ರಸ್ತೆಗೇ ಇಳಿದಳು, "ನಾಗಾ, ನಿಲ್ಸೋ" ಎಂದು ಕೂಗಿದಳು. ಲಾರಿಯ ಹಾರ್ನಿನಲ್ಲಿ ಕೂಗು ಮುಳುಗಿತು. ನಾಗ ಅವಳನ್ನು ಕಂಡ. ಕಂಡು, ಹಲ್ಲು ಬಿಟ್ಟು ನಕ್ಕು, ಕೈ ಬೀಸಿ ಹೊರಟೇಹೋದ. ಮಾಲತಕ್ಕ ಎಷ್ಟು ಪ್ರೀತಿಯಿಂದ ಮಾತಾಡಿಸಿದಳೆಂದು ಅವ್ವನಿಗೆ ಹೇಳಿಯೂ ಇದ್ದಿರಬೇಕು.

ಸ್ಕೂಟಿಯಲ್ಲಿ ಮಾಲತಿ ಪಕ್ಕದ ಕರ್ಕಿಯಿಂದ ಆಚೆ ಎಂದೂ ಹೋದವಳಲ್ಲ. ಹೆದ್ದಾರಿಯಲ್ಲಿ ಲಾರಿ ಪಕ್ಕದಿಂದ ಹಾದುಹೋದರೆ ಗಾಡಿ ಸಮೇತ ಹೀರಿಕೊಳ್ಳುತ್ತದೆಂಬ ಹೆದರಿಕೆ ಅವಳದು. ಇವತ್ತು ಹೆದರಿಕೆ ಇಲ್ಲದೆ ಇರಲಿಲ್ಲ. ಆದರೆ ಅದಕ್ಕಿಂತ ದೊಡ್ಡದೊಂದು ಹೆದರಿಕೆ ಎದೆ ಹತ್ತಿ ಕೂತಿತ್ತು. ಬಿಳಿ ವ್ಯಾನು ಒಂದು ತಿರುವಿನವರೆಗೆ ಕಂಡಿತು, ಆಮೇಲೆ ಕಾಣಲಿಲ್ಲ. ದೇವರೇ, ನಾಯಿ ಅಡ್ಡ ಬರದಿರಲಿ, ದನ ಅಡ್ಡ ಬರದಿರಲಿ, ಯಾವ ಬಸ್ಸಿನವನೂ ಎದುರು ನುಗ್ಗದಿರಲಿ. ಬೆಲ್ಟಿಲ್ಲದೆ ಕೂತವರಾದರೆ ಎಲ್ಲಾದರೂ ಗಟ್ಟಿಯಾಗಿ ಹಿಡಿದುಕೊಳ್ಳುತ್ತಾರೆ. ಮಾಸ್ತಮ್ಮನಿಗೆ ಹಿಡಿದುಕೊಳ್ಳಲು ಬಲಗೈಯಿಲ್ಲ. ನಾಗ ನಂಬಿದ್ದು ಬೆಲ್ಟನ್ನು, ಬೆಲ್ಟನ್ನು ನಂಬಿಸಿದ್ದು ಮಾಲತಿ.

ಹಳದೀಪುರದ ಹತ್ತಿರ ವಾಹನಗಳ ಸಾಲು ನಿಂತಿತ್ತು. ಮುಂದೆ ಜನ ಗುಂಪುಗೂಡಿದ್ದರು. ರಸ್ತೆಯ ಮೇಲೆ ಒಡೆದ ಗಾಜು.

ಸ್ಕೂಟಿಯನ್ನು ಬದಿಗೆ ನೂಕಿ ಅವಳು ನಡೆದಳು. ನಡೆದಳು ಎನ್ನುವುದಕ್ಕಿಂತ ಕಾಲುಗಳು ಹೇಗೋ ಹೊತ್ತುಕೊಂಡು ಹೋದವು. ನಿಂತ ಒಂದು ಕಾರನ್ನು ದಾಟಿದಳು, ಒಂದು ಟೆಂಪೋ ದಾಟಿದಳು. ಗುಂಪಿನ ನಡುವೆ ಬಿಳಿ ಬಣ್ಣ ಕಂಡಿತು. ಹತ್ತಿರ ಹೋದರೆ ಅದು ಮರಳಿನ ಟಿಪ್ಪರಿನ ಬಾಗಿಲು. ಟಿಪ್ಪರು ಬಸ್ಸಿನ ಬದಿ ಉಜ್ಜಿಕೊಂಡು ಹೋಗಿ ಕನ್ನಡಿ, ಕಿಟಕಿ ಪುಡಿಯಾಗಿತ್ತು. ಯಾರಿಗೂ ಏನೂ ಆಗಿರಲಿಲ್ಲ. ಡ್ರೈವರುಗಳಿಬ್ಬರೂ ಒಬ್ಬರ ಮೇಲೊಬ್ಬರು ಏರಿಹೋಗುವಷ್ಟು ಆರೋಗ್ಯವಾಗಿದ್ದರು.

"ಎಂತಾ ಪುಣ್ಯವೋ," ಎನ್ನುತ್ತಿದ್ದ ಅಲ್ಲಿದ್ದ ಒಬ್ಬ ಮುದುಕ. "ಹಿಂದೊಂದು ಬಿಳಿ ವ್ಯಾನು ಬಂತು. ಬ್ರೇಕು ಒತ್ತಿದ್ದಕ್ಕೆ ಚಕ್ರದಿಂದ ಹೊಗೆ ಬಂತು ಮಾರಾಯಾ. ಕೂದ್ಲೆಳೆಲಿ ತಪ್ಪಿತು. ಮುಂದೆ ಒಂದು ಅಜ್ಜಿ ಬೇರೆ ಕೂತಿತ್ತು."

"ಅಜ್ಜಿಗೆ ಎಂತ ಆತು?" ಮಾಲತಿ ಅವನ ತೋಳು ಹಿಡಿದು ಕೇಳಿದಳು.

"ಯಾರಿಗ್ ಗೊತ್ತು? ಸಂದಿಲಿ ನುಗ್ಗಿಸ್ಕಂಡು ಹೋದ ಅಂವ."

ಕುಮಟೆಯ ಆಸ್ಪತ್ರೆಯ ಅಂಗಳದಲ್ಲಿ ಅವಳು ಸ್ಕೂಟಿ ನಿಲ್ಲಿಸಿದಾಗ ವ್ಯಾನು ಮರದ ನೆರಳಿನಲ್ಲಿ ನಿಂತಿತ್ತು. ಮಾಸ್ತಮ್ಮ ಗಾಲಿಕುರ್ಚಿಯಲ್ಲಿ ಕೂತಿದ್ದಳು. ಬದುಕಿದ್ದಳು. ಹಣೆಯ ಎಡಕ್ಕೆ ಅಡಿಕೆ ಗಾತ್ರದ ಬಾವು ಎದ್ದಿತ್ತು, ನಾಗ ಒದ್ದೆ ಟವೆಲು ಒತ್ತಿ ಹಿಡಿದಿದ್ದ. ಸುತ್ತ ನಾಲ್ಕು ಜನ ಕತೆ ಕೇಳುತ್ತ ನಿಂತಿದ್ದರು. ಮಾಲತಿಯನ್ನು ಕಂಡವನೇ ನಾಗ ಟವೆಲು ಬಿಟ್ಟು ಓಡಿಬಂದು ಅವಳ ಎರಡೂ ಕೈ ಹಿಡಿದುಕೊಂಡ. ಅವನ ಕಣ್ಣಲ್ಲಿ ನೀರಿತ್ತು.

"ನಿಮ್ಮ ಬೋಲ್ಟು ಉಳಿಸ್ತು ಮಾಲತಕ್ಕಾ! ಬೆಲ್ಟಿಲ್ಲದಿದ್ರೆ ಅವ್ವ ಗಾಜು ಒಡ್ಕಂಡು ರಸ್ತೆಗೆ ಬೀಳ್ತಿತ್ತು. ನೋಡಿ, ಇವರೇ ನಾ ಹೇಳಿದ್ದು," ಎಂದು ಸುತ್ತಲಿನವರಿಗೆ ತೋರಿಸಿದ.

ನಾಲ್ಕೂ ಜನ ಅವಳನ್ನು ಮೆಚ್ಚುಗೆಯಿಂದ ನೋಡಿದರು. ಒಬ್ಬರು ಕೈ ಮುಗಿದೇಬಿಟ್ಟರು.

ಇಲ್ಲಿ ಮಾಲತಿಯ ಮನಸ್ಸಿನಲ್ಲಿ ಏನು ಹಾದುಹೋಯಿತೆಂಬುದನ್ನು ಮುಚ್ಚಿಡುವುದು ಸರಿಯಲ್ಲ. ಸುಮ್ಮನಿರಬಹುದು ಎಂದು ಅನಿಸಿತು. ಇದಕ್ಕಿಂತ ಒಳ್ಳೇ ಬೋಲ್ಟು ಬಂದಿದೆ ನಾಗಾ, ಬದಲಿಸಿಕೊಡ್ತೆ ಎಂದು ನಕ್ಕು ಹೇಳಿದರೆ ಮುಗಿಯಿತು. ಅಜ್ಜಿಯೂ ಉಳಿದಳು, ಹೆಸರೂ ಉಳಿಯಿತು. ಅಷ್ಟರಲ್ಲಿ ಅವಳ ಕಣ್ಣು ಮಾಸ್ತಮ್ಮನ ಮೇಲೆ ಬಿತ್ತು. ಮಾಸ್ತಮ್ಮ ಅವಳನ್ನೇ ನೋಡುತ್ತಿದ್ದಳು. ಆ ನೋಟದಲ್ಲಿ ಮೆಚ್ಚುಗೆಯ ಸುಳಿವೇ ಇರಲಿಲ್ಲ. ಆಡುವ ಒಂದೇ ಕೈಯನ್ನು, ಎಡಗೈಯನ್ನು, ಚಾಚಿ ವ್ಯಾನಿನ ತೆರೆದ ಬಾಗಿಲ ಕಡೆಗೆ, ಸೀಟಿನ ಬುಡಕ್ಕೆ ತೋರಿಸಿ ಗೊರಗೊರ ಎಂದಳು.

"ಹತ್ತು ದಿನ ಆತು, ಅವ್ವ ಗಾಡಿ ಹತ್ತಿದ್ರೆ ಕೈಲಿ ಅಲ್ಲೇ ಬಡೀತದೆ," ಎಂದ ನಾಗ. "ಬೆಲ್ಟು ಚುಚ್ಚುತದೆ ಕಾಣ್ತದೆ ಅಂತ ಬಟ್ಟೆ ಸುತ್ತಿ ಇಟ್ಟೆ. ಆದ್ರೂ ಬಡೀತದೆ."

ಮಾಲತಿ ಮಂಡಿಯೂರಿ ಕೂತು ಆ ಬಟ್ಟೆ ಬಿಚ್ಚಿದಳು. ಬೋಲ್ಟು ಹೊಳೆಯುತ್ತಿತ್ತು. ಆದರೆ ತಲೆಗೂ ಬೆಲ್ಟಿನ ಪಟ್ಟಿಗೂ ನಡುವೆ ಬೆರಳು ತೂರುವಷ್ಟು ಸಂದಿ. ಎರಡು ಬೆರಳಲ್ಲಿ ಹಿಡಿದು ಅಲ್ಲಾಡಿಸಿದಳು. ಸ್ಪ್ಯಾನರು ಬೇಕಾಗಲಿಲ್ಲ. ಬೋಲ್ಟು, ಹಾಲುಹಲ್ಲು ಕಿತ್ತಂತೆ, ಅವಳ ಕೈಗೇ ಬಂತು. ಅದರ ಥ್ರೆಡ್ಡಿಗೆ ಒಳಗಿನ ನಟ್ಟಿನ ಕಬ್ಬಿಣ ಸುರುಳಿ ಸುರುಳಿಯಾಗಿ ಸುತ್ತಿಕೊಂಡಿತ್ತು.

ಕೈ ಮುಗಿದಿದ್ದವರು ಕೈ ಇಳಿಸಿದರು.

"ಇದು ಉಳಿಸ್ಲಿಲ್ಲ ನಾಗಾ," ಎಂದಳು ಮಾಲತಿ, ಎದ್ದು ನಿಂತು. "ಇನ್ನೊಂದು ಬ್ರೇಕಿಗೆ ಕೊಲ್ತಿತ್ತು. ತಪ್ಪು ಬೋಲ್ಟು ಕೊಟ್ಟವಳು ನಾನು. ಪೈಪು ಹಾಕು ಅಂದವಳೂ ನಾನೇ. ನಿನ್ನ ಅವ್ವ ಚುಚ್ಚುತದೆ ಅಂತ ಬಡೀಲಿಲ್ಲ. ಸಡಿಲ ಅದೆ ಅಂತ ಬಡೀತು."

ನಾಗ ಬೋಲ್ಟನ್ನು ನೋಡಿದ, ಅವ್ವನ ಹಣೆಯ ಬಾವನ್ನು ನೋಡಿದ. ಮುಖ ಕೆಂಪಗಾಗಿ ಆಮೇಲೆ ಬಿಳುಚಿತು. "ನಿಮ್ಮ ಮಾತು ಅಂದ್ರೆ ಬರೆದಿಟ್ಟಂಗೆ ಅಂದ್ಕಂಡಿದ್ದೆ," ಎಂದ. ಬೈಯಲಿಲ್ಲ. ಬೈದಿದ್ದರೆ ಅವಳಿಗೆ ಹಗುರವಾಗುತ್ತಿತ್ತು.

"ಮತ್ತೆ ಯಾರ್ಯಾರಿಗೆ ಕೊಟ್ಟೀರಿ?" ಎಂದು ಕೇಳಿದ, ಟವೆಲನ್ನು ಮತ್ತೆ ಅವ್ವನ ಹಣೆಗೆ ಒತ್ತುತ್ತ.

ಭಟ್ಕಳದ ಒಬ್ಬ ಟ್ಯಾಕ್ಸಿಯವನಿಗೆ ಕೊಟ್ಟದ್ದು ನೆನಪಿತ್ತು. ಅಲ್ಲೇ, ಎಲ್ಲರೆದುರೇ ಅವನಿಗೆ ಫೋನು ಹಚ್ಚಿ, ಗಾಡಿ ಹೊರಗೆ ತೆಗೀಬೇಡ, ನಾನು ಕೊಟ್ಟದ್ದು ತಪ್ಪು ಎಂದಳು. ಎರಡನೇ ಸಲ ಹೇಳುವಾಗಲೂ ಆ ಮಾತು ಸುಲಭವಾಗಲಿಲ್ಲ.

ಅವಳು ಕರೆಸಿದ ಪ್ರದೀಪ ಬಂದು ಬ್ಯಾಟರಿ ಬೆಳಕು ಬಿಟ್ಟು ನೋಡಿ ತಲೆಯಾಡಿಸಿದ. ನಟ್ಟಿನ ಹಲ್ಲು ಪೂರ್ತಿ ಹಾಳಾಗಿತ್ತು. ಕಂಪನಿಯ ಬೋಲ್ಟು ಬರಲು ಮೂರು ದಿನ, ನಟ್ಟಿನ ಜಾಗ ಸರಿಮಾಡಲು ಇನ್ನೊಂದು ದಿನ, ಅಷ್ಟು ಜಗ್ಗಿದ ಬೆಲ್ಟನ್ನೂ ಬದಲಿಸಬೇಕು, ಬಿಗಿ ಮಾಡುವುದು ಬಿಗಿ ಎಷ್ಟೆಂದು ತೋರಿಸುವ ಅಳತೆಯ ಸ್ಪ್ಯಾನರಿನಲ್ಲಿ, ಪೈಪಿನಲ್ಲಲ್ಲ ಎಂದ. ಸಾವಕಾಶ ಓಡಿಸಿಕೊಂಡು ಮನೆ ಮುಟ್ಟಿಸುತ್ತೇನೆ ಎಂದು ನಾಗ ಹೇಳಿದ್ದಕ್ಕೆ ಮಾಲತಿ ವ್ಯಾನಿನ ಕೀಲಿ ಕಿತ್ತುಕೊಂಡು ಪ್ರದೀಪನ ಕಿಸೆಗೆ ಹಾಕಿದಳು.

ಮಾಲತಿ ತನ್ನ ಸ್ಕೂಟಿಯನ್ನೂ ಅಂಗಳದಲ್ಲೇ ಬಿಟ್ಟಳು. ಮಧ್ಯಾಹ್ನದ ರೈಲನ್ನು ಮೂವರೂ ಕುಮಟೆಯಲ್ಲಿ ಹತ್ತಿದರು. ಮಾಸ್ತಮ್ಮನನ್ನು ನಾಗ ಎತ್ತಿ ಸೀಟಿನ ಮೇಲೆ ಕೂರಿಸಿ, ತಾನು ಎದುರು ಕೂತು, ಮುಖ ಕಿಟಕಿಯ ಕಡೆ ತಿರುಗಿಸಿದ. ರೈಲು ಹೊರಟ ಜಗ್ಗಿಗೇ ಮಾಸ್ತಮ್ಮ ಬಲಕ್ಕೆ ವಾಲಿದಳು. ಪಕ್ಕದಲ್ಲಿದ್ದ ಮಾಲತಿ ಬೆನ್ನ ಹಿಂದಿನಿಂದ ತೋಳು ಸುತ್ತಿ ಎಳೆದು ಹಿಡಿದಳು. ಒಂದು ಕಾಲದಲ್ಲಿ ತಲೆಯ ಮೇಲೆ ಮಣ ಭಾರದ ಬುಟ್ಟಿ ಹೊತ್ತು ನಡೆದ ಹೆಂಗಸು ಈಗ ತನ್ನ ಭಾರವನ್ನೇ ತಾನು ಹೊರಲಾರಳು. ಅದಿಷ್ಟೂ ಮಾಲತಿಯ ತೋಳಿನ ಮೇಲೆ ಬಂತು.

ಹೊನ್ನಾವರ ಬಂತು. ತೆರೆದಿಟ್ಟು ಬಂದ ಅಂಗಡಿ ನೆನಪಾಯಿತು, ಏಳಲಿಲ್ಲ. ರೈಲು ಮತ್ತೆ ಹೊರಟ ಮೇಲೆ ತೋಳು ಜೋಮು ಹಿಡಿದು, ಬೇರೆ ಯಾರದೋ ತೋಳೆಂಬಂತೆ ಆಗಿತ್ತು. ಕೈ ಬದಲಿಸೋಣವೆಂದು ಒಂದು ಕ್ಷಣ ಹಿಡಿತ ಸಡಿಲಿಸಿದಳು. ಮಾಸ್ತಮ್ಮನ ಎಡಗೈ ಬಂದು ಅವಳ ಸೆರಗು ಹಿಡಿಯಿತು. ಬಾಯಿ ಸೊಟ್ಟಗಾಗಿ ಬಹಳ ಹೊತ್ತು ಒದ್ದಾಡಿ ಒಂದು ಮಾತು ಹೊರಬಂತು.

"ಬಿಡ್ಬೇಡ."

ಎದುರು ಕೂತ ನಾಗ ತಟ್ಟನೆ ತಿರುಗಿದ. ವರ್ಷದ ಮೇಲೆ ಅವ್ವನ ಬಾಯಲ್ಲಿ ಅವನು ಕೇಳಿದ ಮೊದಲ ಮಾತು ಅದು.

ಮಾಲತಿ ಮುರ್ಡೇಶ್ವರದವರೆಗೂ ಕೈ ಬದಲಿಸಲಿಲ್ಲ.